ನಾಲ್ಕನೆಯ ಸಾಲಿನ ಹಾಜರಿ

ಸರ್ಜಾಪುರ
6-1-2025

ಪೀಣ್ಯ ಎರಡನೇ ಹಂತದ ಯೂನಿಯನ್ ಕಾರ್ಯದರ್ಶಿಗಳಿಗೆ,

ನಿಮ್ಮ ಸಭಾಂಗಣದ ಪೂರ್ವದ ಗೋಡೆಯ ಮೇಲೆ ಒಂಬತ್ತು ಹುತಾತ್ಮರ ಫೋಟೋಗಳಿವೆ. ಎಡದಿಂದ ನಾಲ್ಕನೆಯದು ನನ್ನದು.

ಗಾಬರಿಯಾಗಬೇಡಿ. ನಾನು ದೆವ್ವವಲ್ಲ, ದೆವ್ವಕ್ಕೆ ಮಂಡಿನೋವು ಇರುವುದಿಲ್ಲ. ಫೋಟೋದ ಕೆಳಗೆ ‘ಸಂಗಾತಿ ಈಶಪ್ಪ, ವಿಯೆಟ್ನಾಂ ಜನರಿಗಾಗಿ ಪ್ರಾಣ ಕೊಟ್ಟವನು, 1979’ ಎಂದು ಬರೆಸಿದ್ದೀರಿ. ಅದರಲ್ಲಿ ನನ್ನ ಹೆಸರೊಂದೇ ನಿಜ. ಪ್ರಾಣ ಇನ್ನೂ ನನ್ನ ಹತ್ತಿರವೇ ಇದೆ. ನಾನು ವಿಯೆಟ್ನಾಂ ನೋಡಿಯೇ ಇಲ್ಲ.

ಪ್ರತಿ ವರ್ಷ ಮಾರ್ಚ್ ಒಂಬತ್ತರಂದು ಬೆಳಿಗ್ಗೆ ಹನ್ನೊಂದಕ್ಕೆ ನೀವು ಸತ್ತವರ ಹಾಜರಿ ಕರೆಯುತ್ತೀರಿ. ಈ ವರ್ಷ ನನ್ನ ಹೆಸರು ಕರೆಯಬೇಡಿ. ಕೇಳಿಕೊಳ್ಳುವುದು ಇಷ್ಟೇ. ಬದುಕಿರುವವನ ಹೆಸರು ಸತ್ತವರ ಹಾಜರಿ ಪುಸ್ತಕದಲ್ಲಿ ಇರುವುದು ಸರಿಯಲ್ಲ ಎಂಬುದೇ ಕಾರಣ, ಬೇರೇನಿಲ್ಲ.

ಕಬ್ಬಿಣ ಬಡಿಯುವ ಫೋರ್ಜಿಂಗ್ ಹ್ಯಾಮರ್ ನನ್ನ ಕಿವಿಗಳನ್ನು ಎಂದೋ ತಿಂದುಹಾಕಿದೆ, ಆದ್ದರಿಂದ ಫೋನು ಬೇಡ. ಮನೆಗೂ ಬರೆಯಬೇಡಿ. ಮಗಳು ದಿವ್ಯಾಳಿಗೆ ನಾನು ನಂಜಪ್ಪ, ಹಿಂದುಮುಂದಿಲ್ಲದ ಅನಾಥ. ಬೆಳಗಿನ ಹೊತ್ತು ನಾನು ಗಿಡಗಳಿಗೆ ನೀರು ಹಾಕುವ ಆಂಜಿನಪ್ಪನ ನರ್ಸರಿಯ ವಿಳಾಸಕ್ಕೆ ಉತ್ತರ ಹಾಕಿ.

ಇತಿ,
ಈಶಪ್ಪ

*

ಪೀಣ್ಯ
15-1-2025

ಮಾನ್ಯರೇ,

ಸತ್ತವರು ಇನ್‌ಲ್ಯಾಂಡ್ ಕಾಗದ ಬರೆಯುವುದನ್ನು ಇದೇ ಮೊದಲು ನೋಡಿದೆ. ಅಕ್ಷರ ಮಾತ್ರ ಚೆನ್ನಾಗಿದೆ.

ನಮ್ಮ ಸಭಾಂಗಣ ಮುಖ್ಯರಸ್ತೆಗೆ ಹೊಂದಿಕೊಂಡಿದೆ. ಈ ಜಾಗದ ಮೇಲೆ ಕಣ್ಣಿಟ್ಟ ಬಿಲ್ಡರ್‌ಗಳು ಬಹಳ ಜನ. ಹೋದ ವರ್ಷ ಒಬ್ಬರು ನಮ್ಮದು ಸುಳ್ಳು ಸಂಘ ಎಂದು ಅರ್ಜಿ ಹಾಕಿದ್ದರು. ಈ ವರ್ಷ ಸುಳ್ಳು ಹುತಾತ್ಮ ಎಂದು ಹೊರಟಿರಬಹುದು. ನಾನು ಇಪ್ಪತ್ತು ವರ್ಷ ಗಾರ್ಮೆಂಟಿನಲ್ಲಿ ಸೂಪರ್‌ವೈಸರ್‌ಗಳ ಬೈಗುಳ ಕೇಳಿ ಬಂದವಳು, ಇಂಥದ್ದಕ್ಕೆಲ್ಲ ಬಗ್ಗುವುದಿಲ್ಲ.

ನೀವು ಈಶಪ್ಪನವರೇ ಆಗಿದ್ದರೆ ಹ್ಯಾಮರ್ ಮೇಲೆ ನಿಮ್ಮ ಜೊತೆಗಾರ ಯಾರು, ಹೊರಡುವ ಹಿಂದಿನ ದಿನ ಏನಾಯಿತು, ಬರೆಯಿರಿ. ಬದುಕಿದ್ದವರು ನಲವತ್ತೈದು ವರ್ಷ ಎಲ್ಲಿದ್ದಿರಿ ಎಂಬುದನ್ನೂ ಬರೆಯಿರಿ.

ಯಮುನಾ,
ಕಾರ್ಯದರ್ಶಿ

*

ಸರ್ಜಾಪುರ
22-1-2025

ಕಾರ್ಯದರ್ಶಿ ಯಮುನಾ ಅವರಿಗೆ,

ನನ್ನ ಜೊತೆಗಾರ ಅಮರಪ್ಪ. ನಮ್ಮಿಬ್ಬರದೂ ಸಿಂಧನೂರು ಕಡೆ, ಪಕ್ಕದ ಪಕ್ಕದ ಊರು. ಕಾದ ಕಬ್ಬಿಣವನ್ನು ನಾನು ಇಕ್ಕಳದಲ್ಲಿ ಹಿಡಿಯುತ್ತಿದ್ದೆ, ಅವನು ಹ್ಯಾಮರ್ ಬಿಡುತ್ತಿದ್ದ. ಹೊರಡುವ ಹಿಂದಿನ ದಿನ ಅವನ ಗಮನ ತಪ್ಪಿ ನನ್ನ ಎಡಗೈ ಕಿರುಬೆರಳಿನ ತುದಿ ಹೋಯಿತು. ಇದನ್ನು ಎಲ್ಲೂ ಬರೆದಿಟ್ಟಿಲ್ಲ. ಆಗ ಕಾರ್ಯದರ್ಶಿಯಾಗಿದ್ದ ಚನಬಸಪ್ಪನವರು ಬದುಕಿದ್ದರೆ ಕೇಳಿ ನೋಡಿ.

ಆ ಫೆಬ್ರುವರಿಯಲ್ಲಿ ಚೀನಾ ವಿಯೆಟ್ನಾಮಿನ ಮೇಲೆ ನುಗ್ಗಿತು. ಅಮೆರಿಕವನ್ನೇ ಓಡಿಸಿದ್ದ ಬಡಜನರ ಮೇಲೆ ನಮ್ಮದೇ ಕೆಂಪು ಬಾವುಟದವರು ಬಂದೂಕು ಹಿಡಿದು ಬಂದರು. ನಿಮಗದು ಪಾಠದ ಪುಸ್ತಕದ ಸುದ್ದಿ. ನಮಗೆ ಅಣ್ಣತಮ್ಮಂದಿರು ಕುಡುಗೋಲಿನಿಂದ ಕಡಿದಾಡಿದ ಹಾಗಿತ್ತು. ಕ್ಯಾಂಟೀನಿನಲ್ಲಿ ವಿಯೆಟ್ನಾಮಿನ ಬೆನ್ನಿಗಿದ್ದ ರಷ್ಯಾದ ಪರ ಮಾಸ್ಕೋ ಮೇಜು, ಚೀನಾದ ಪರ ಪೀಕಿಂಗ್ ಮೇಜು ಎಂದು ಎರಡಾದವು. ಅಮರಪ್ಪ ಪೀಕಿಂಗ್ ಮೇಜು, ನಾನು ಮಾಸ್ಕೋ ಮೇಜು. ಒಂದೇ ಹ್ಯಾಮರಿನ ಎರಡು ಪಕ್ಕ ನಿಂತು ಹತ್ತು ದಿನ ಮಾತಾಡಲಿಲ್ಲ. ನನ್ನ ಬೆರಳು ಹೋದದ್ದೂ ಅದೇ ಸಿಟ್ಟಿನಲ್ಲಿ.

ಯಾರು ಸರಿ ಎಂದು ವಾದ ಮಾಡಿ ಸಾಕಾಗಿ, ಹೋಗಿ ವಿಯೆಟ್ನಾಮಿನ ಪರ ಹೋರಾಡುತ್ತೇನೆ ಎಂದು ನಾನು ಸಭೆಯಲ್ಲಿ ಎದ್ದು ನಿಂತೆ. ಇಪ್ಪತ್ತೈದು ವರ್ಷದ ತಲೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕಲ್ಕತ್ತಾಕ್ಕೆ ರೈಲು ಹತ್ತಿದೆ. ಅಲ್ಲಿ ಖಿದಿರ್‌ಪುರದ ಬಂದರಿನಲ್ಲಿ ಹಡಗು ಹುಡುಕುತ್ತಾ ತಿರುಗುವಾಗ, ಚಹಾದಂಗಡಿಯವನು ಬಿಸ್ಕತ್ತು ಕಟ್ಟಿಕೊಟ್ಟ ಪೇಪರಿನಲ್ಲಿ ಯುದ್ಧದ ಚಿತ್ರವಿತ್ತು. ಸತ್ತು ಬಿದ್ದವನ ಟೋಪಿಯ ಮೇಲೂ ನಕ್ಷತ್ರ, ಅವನನ್ನು ಕೊಂದು ನಿಂತವನ ಟೋಪಿಯ ಮೇಲೂ ನಕ್ಷತ್ರ. ಯಾರು ಯಾವ ಕಡೆಯವನು ಎಂದು ನನಗೆ ತಿಳಿಯಲಿಲ್ಲ. ನಾನು ಅಲ್ಲಿಗೆ ಹೋದರೆ ಯಾರಿಗೆ ಗುಂಡು ಹೊಡೆಯಲಿ? ಅವತ್ತೇ, ಮಾರ್ಚ್ ಒಂಬತ್ತರಂದು, ‘ನಾಳೆ ಹಡಗು ಹತ್ತುತ್ತೇನೆ’ ಎಂದು ಯೂನಿಯನ್ನಿಗೆ ಕಾರ್ಡು ಹಾಕಿದೆ. ಅದು ಸುಳ್ಳು. ಹಡಗಿನ ಬದಲು ಅದೇ ಚಹಾದಂಗಡಿಯಲ್ಲಿ ಲೋಟ ತೊಳೆಯಲು ಸೇರಿಕೊಂಡೆ.

ಒಂದು ವರ್ಷ ಕಳೆದು ಮುಖ ತೋರಿಸುವ ಧೈರ್ಯ ಮಾಡಿ ಬಂದೆ. ಅಂದು ಕೂಡ ಮಾರ್ಚ್ ಒಂಬತ್ತು. ಸಭಾಂಗಣದ ಕಿಟಕಿಯಿಂದ ಇಣುಕಿದರೆ ನನ್ನ ಫೋಟೋಕ್ಕೆ ಹಾರ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನೀವು. ವರ್ಷವಿಡೀ ಕಾಗದ ಬರದವನು ಸತ್ತಿರಲೇಬೇಕು ಎಂದು ತೀರ್ಮಾನವಾಗಿತ್ತು. ಮಾಸ್ಕೋ ಮೇಜು, ಪೀಕಿಂಗ್ ಮೇಜು ಎರಡೂ ಒಟ್ಟಿಗೆ ಕೂತು ಅಳುತ್ತಿದ್ದವು. ಚನಬಸಪ್ಪ ‘ಸಂಗಾತಿ ಈಶಪ್ಪ’ ಎಂದು ಕರೆದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅಮರಪ್ಪ ‘ಹಾಜರ್’ ಎಂದ.

ನಾವಿಬ್ಬರೂ ಎಷ್ಟೋ ಸಲ ಹಾಗೆ ಮಾಡಿದ್ದೆವು. ಒಬ್ಬ ಯೂನಿಯನ್ ಕೆಲಸಕ್ಕೆ ಹೊರಗೆ ಹೋದರೆ, ಗೇಟಿನಲ್ಲಿ ಅವನ ಹೆಸರು ಕೂಗಿದಾಗ ಇನ್ನೊಬ್ಬ ಹಾಜರ್ ಎನ್ನಬೇಕು, ಗೈರುಹಾಜರಿ ಬೀಳಬಾರದು. ಬದುಕಿದ್ದವರಿಗೆ ಮಾಡುತ್ತಿದ್ದ ಆ ಕಳ್ಳಹಾಜರಿಯನ್ನೇ ಸತ್ತವರಿಗೂ ಹಚ್ಚಿದ್ದರು. ನಾನು ಕಿಟಕಿ ಬಿಟ್ಟು ಸರಿದೆ. ಸರ್ಜಾಪುರಕ್ಕೆ ಬಂದು ನಂಜಪ್ಪ ಎಂದು ಹೆಸರಿಟ್ಟುಕೊಂಡೆ, ಅಂದಿನಿಂದ ಇಲ್ಲೇ ಇದ್ದೇನೆ.

ಅಮರಪ್ಪ ತೀರಿಕೊಂಡದ್ದು ಕೇಳಿದೆ. ಅವನ ನಂತರ ನನ್ನ ಹೆಸರಿಗೆ ಹಾಜರ್ ಎನ್ನುತ್ತಿರುವವರು ಯಾರು? ದಯವಿಟ್ಟು ತಿಳಿಸಿ.

ಈಶಪ್ಪ

*

ಪೀಣ್ಯ
4-2-2025

ಈಶಪ್ಪನವರೇ,

ಚನಬಸಪ್ಪನವರಿಗೆ ಈಗ ಎಂಬತ್ತಾರು. ಟಿ. ದಾಸರಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಕಣ್ಣು ಅಷ್ಟಕ್ಕಷ್ಟೇ. ಹೆಸರು ಹೇಳದೆ ಕಿರುಬೆರಳಿನ ಮಾತು ಎತ್ತಿದೆ. ಅದು ಈಶಪ್ಪನ ಬೆರಳು ಎಂದು ಅವರೇ ಗುರುತಿಸಿ, ಹೀಗೆ ಹೇಳಿದರು.

“ಕಿಟಕೀಲಿ ನಿಂತಿದ್ದ ಕಣಮ್ಮ. ನಾನೇ ನೋಡ್ದೆ. ಓದೋದು ನಿಲ್ಸಿದ್ರೆ ಅವತ್ತೇ ಯೂನಿಯನ್ ಎರಡು ಹೋಳಾಗ್ತಿತ್ತು. ಅವ್ನು ಸತ್ತಿದ್ರಿಂದ ಒಂದಾಗಿದ್ರು. ಅದ್ಕೇ ಮುಂದಿನ ಹೆಸ್ರಿಗೆ ಹೋಗ್ಬಿಟ್ಟೆ.”

ಆಮೇಲೆ ಅವರು ಅತ್ತರು. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಹಾಗಾದರೆ ನೀವು ನೀವೇ. ಅನುಮಾನಿಸಿದ್ದಕ್ಕೆ ಕ್ಷಮೆ ಇರಲಿ.

ಆದರೆ ನನ್ನ ಕಷ್ಟವನ್ನೂ ಕೇಳಿ. ಈಗ ಇಲ್ಲಿ ದುಡಿಯುವವರು ಒಡಿಶಾ, ಬಿಹಾರ, ರಾಯಚೂರಿನಿಂದ ಬಂದ ಕಾಂಟ್ರ್ಯಾಕ್ಟ್ ಜನ. ವಿಯೆಟ್ನಾಂ ಎಲ್ಲಿದೆ ಎಂದು ಅರ್ಧ ಜನಕ್ಕೆ ಗೊತ್ತಿಲ್ಲ. ಆದರೂ ಮುಷ್ಕರಕ್ಕೆ ಮುಂಚೆ ನಿಮ್ಮ ಫೋಟೋದ ಚೌಕಟ್ಟು ಮುಟ್ಟಿ ಹೋಗುತ್ತಾರೆ. ಎಲ್ಲೋ ದೂರದ, ಗುರುತಿಲ್ಲದ ಜನಕ್ಕಾಗಿ ಪೀಣ್ಯದ ಒಬ್ಬ ಸತ್ತ ಎನ್ನುವುದು ಅವರಿಗೆ ದೊಡ್ಡ ಮಾತು. ನೀವು ಬದುಕಿ ಗಿಡಗಳಿಗೆ ನೀರು ಹಾಕುತ್ತಿದ್ದೀರಿ ಎಂದು ನಾನು ಹೇಗೆ ಹೇಳಲಿ? ಹೆಸರು ಇದ್ದರೆ ನಿಮಗೇನು ನಷ್ಟ?

ಹಾಜರ್ ಎನ್ನುವವರು ನಮ್ಮ ಸದಸ್ಯರೇ ಒಬ್ಬರು. ನಿಮಗೆ ಗುರುತಿಲ್ಲದವರು.

ಯಮುನಾ

*

ಸರ್ಜಾಪುರ
10-2-2025

ಯಮುನಮ್ಮ,

ನನಗೇನು ನಷ್ಟ ಎಂದು ಕೇಳಿದಿರಿ. ಹುಚ್ಚ ಎನ್ನುತ್ತೀರಿ ಎಂದು ಮೊದಲ ಕಾಗದದಲ್ಲಿ ಮುಚ್ಚಿಟ್ಟೆ. ಈಗ ಹೇಳುತ್ತೇನೆ.

ಪ್ರತಿ ಮಾರ್ಚ್ ಒಂಬತ್ತರಂದು ಹನ್ನೊಂದರ ಸುಮಾರಿಗೆ, ನಾನು ಎಲ್ಲಿದ್ದರೂ, ನನ್ನ ಬಾಯಿ ತಾನಾಗಿ ತೆರೆದು ‘ಹಾಜರ್’ ಎನ್ನುತ್ತದೆ. ಒಂದು ವರ್ಷ ಬಸ್ಸಿನಲ್ಲಿ ಹಾಗಾಗಿ ಕಂಡಕ್ಟರು ನನ್ನನ್ನೇ ನೋಡಿದ. ಇನ್ನೊಂದು ವರ್ಷ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಅಮರಪ್ಪ ಇದ್ದಷ್ಟು ಕಾಲ ಅಷ್ಟೇ. ಅದನ್ನು ಬಿಕ್ಕಳಿಕೆಯ ಹಾಗೆ ತಡೆದುಕೊಂಡೆ. ಅವನ ನಂತರ ಶುರುವಾದದ್ದು ಬೇರೆ.

2006ರ ಮಾರ್ಚ್ ಹತ್ತರಂದು ಎದ್ದಾಗ ಇಕ್ಕಳ ಹಿಡಿಯುವ ಬಗೆ ನನ್ನ ಕೈಗೆ ಮರೆತುಹೋಗಿತ್ತು. ಮುಂದಿನ ವರ್ಷ ಅಣ್ಣನ ಹೆಸರು. ಇವತ್ತಿಗೂ ನೆನಪಾಗಿಲ್ಲ. ಹೀಗೆ ಪ್ರತಿ ವರ್ಷ ಒಂದೊಂದು. 2011ರಲ್ಲಿ ಈಜು ಹೋಯಿತು. ಕಾಲುವೆಯಲ್ಲಿ ಬೆಳೆದವನು ನಾನು, ಆ ಬೇಸಿಗೆಯಲ್ಲಿ ಇಲ್ಲಿನ ಕೆರೆಗೆ ಇಳಿದು ಕಲ್ಲಿನ ಹಾಗೆ ಮುಳುಗಿದೆ. ಆಂಜಿನಪ್ಪ ಪಂಚೆ ಹಿಡಿದು ಎಳೆದುಹಾಕಿದ. ವಯಸ್ಸಿನ ಮರೆವು ಎಂದರು ಡಾಕ್ಟರು. ವಯಸ್ಸಿನ ಮರೆವು ತಾರೀಖು ನೋಡಿಕೊಂಡು ಬರುತ್ತದೆಯೇ?

ನನಗೆ ಅನ್ನಿಸುವುದು ಇಷ್ಟು. ಅಮರಪ್ಪ ನನ್ನನ್ನು ಬಲ್ಲವನು, ನನ್ನ ಬದಲು ನಿಲ್ಲಲು ಅವನಿಗೆ ಏನೂ ಬೇಕಾಗಿರಲಿಲ್ಲ. ನನ್ನನ್ನು ನೋಡದವರು ನಾನಾಗಿ ನಿಲ್ಲಬೇಕಾದರೆ ನನ್ನಿಂದಲೇ ಏನಾದರೂ ತೆಗೆದುಕೊಳ್ಳಬೇಕಲ್ಲ.

ಊರಿನದೆಲ್ಲ ಹೋಗಿದೆ. ಮನೆ, ಬಾವಿ, ಬಾಗಿಲು, ಒಂದೂ ಕಣ್ಣಿಗೆ ಬರುವುದಿಲ್ಲ. ಉಳಿದಿರುವುದು ನನ್ನ ಅವ್ವ ದುರ್ಗವ್ವನ ಮುಖ. ನಾನು ಸತ್ತೆನೆಂಬ ಸುದ್ದಿ ಕೇಳಿ ಅವಳು ಆರು ತಿಂಗಳಲ್ಲೇ ಹೋದಳು. ಅವಳದೊಂದು ಫೋಟೋ ಇಲ್ಲ. ಅವಳ ಮುಖ ಇನ್ನು ಈ ಲೋಕದಲ್ಲಿ ಇರುವುದು ನನ್ನ ತಲೆಯೊಳಗೆ ಮಾತ್ರ. ಈ ಮಾರ್ಚಿನಲ್ಲಿ ಅದು ಹೋಗುತ್ತದೆ. ನನ್ನ ಹತ್ತಿರ ಕೊಡಲು ಬೇರೇನೂ ಉಳಿದಿಲ್ಲ. ಅವಳ ಮುಖ ನೋಡುತ್ತಾ ಸಾಯಬೇಕು, ಯಮುನಮ್ಮ.

ಹಾಜರ್ ಎನ್ನುವವರು ಯಾರು? ಅವರನ್ನು ಒಂದು ಮಾತು ಕೇಳಬೇಕು.

ಈಶಪ್ಪ

*

ಪೀಣ್ಯ
24-2-2025

ಈಶಪ್ಪಣ್ಣ,

ಉತ್ತರ ತಡವಾಯಿತು. ಕೆಲಸ ಜಾಸ್ತಿ ಎಂದು ಬರೆಯಹೊರಟು ಕಾಗದ ಹರಿದುಹಾಕಿದೆ. ಹೆದರಿಕೆಯಾಗಿತ್ತು, ಅದಕ್ಕೆ ಬರೆಯಲಿಲ್ಲ.

ನಿಮ್ಮ ಹೆಸರಿಗೆ ಹಾಜರ್ ಎನ್ನುವವಳು ನಾನೇ. ಹತ್ತೊಂಬತ್ತು ವರ್ಷದಿಂದ. ಹಾಜರಿ ಪುಸ್ತಕದಲ್ಲಿ ಎಡಕ್ಕೆ ಸತ್ತವರ ಹೆಸರು, ಬಲಕ್ಕೆ ಅವರ ಬದಲು ಉತ್ತರ ಕೊಡುವವರ ಹೆಸರು. ನಾಲ್ಕನೆಯ ಸಾಲಿನ ಬಲಕ್ಕೆ ಅಮರಪ್ಪನವರ ಹೆಸರು ಹೊಡೆದು ನನ್ನದನ್ನು ನಾನೇ ಬರೆದೆ. ಹೆಂಗಸರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು, ಎಷ್ಟು ಹೆಮ್ಮೆಪಟ್ಟಿದ್ದೆ.

2011ರ ಮೇ ತಿಂಗಳಲ್ಲಿ ಗಾರ್ಮೆಂಟಿನ ಹುಡುಗಿಯರನ್ನು ಮುತ್ತತ್ತಿಗೆ ಕರೆದುಕೊಂಡು ಹೋಗಿದ್ದೆ. ವೇಣಿ ಎಂಬವಳು ಹೊಳೆಗೆ ಜಾರಿದಳು. ನಾನು ಹಾರಿ ಅವಳನ್ನು ದಡಕ್ಕೆ ತಂದೆ. ನಮ್ಮ ಚೊಕ್ಕಸಂದ್ರದಲ್ಲಿ ನೀರಿಗಿಳಿದ ಹೆಣ್ಣುಮಗಳು ಒಬ್ಬಳೂ ಇಲ್ಲ. ನಾನು ಈಜು ಕಲಿತವಳೇ ಅಲ್ಲ. ಧೈರ್ಯ ಎಂದು ಎಲ್ಲರೂ ಹೊಗಳಿದರು, ನಾನೂ ಹಾಗೇ ಅಂದುಕೊಂಡೆ.

ನಿಮ್ಮ ಅಣ್ಣನ ಹೆಸರು ಹನುಮೇಶ ಅಲ್ಲವೇ? ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ. ಪೆನ್ನು ಹಿಡಿದೆ, ಬಂತು. ನನ್ನ ಎಡಗೈ ಕಿರುಬೆರಳಿನ ತುದಿಗೆ ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ.

ಇನ್ನೊಂದಿದೆ. ಬೆಳಿಗ್ಗೆ ಗ್ಯಾಸ್ ಹಚ್ಚುವಾಗ ಕಣ್ಣ ಮುಂದೆ ಒಂದು ಅಡುಗೆಮನೆ ಬರುತ್ತದೆ. ಮಣ್ಣಿನ ಒಲೆ, ಕಪ್ಪು ಹಿಡಿದ ತೊಲೆ, ರೊಟ್ಟಿ ಬಡಿಯುವ ಸದ್ದು. ಒಬ್ಬ ಹೆಂಗಸು ನನಗೆ ಬೆನ್ನು ಹಾಕಿ ಕೂತಿರುತ್ತಾಳೆ. ನನ್ನ ಅಮ್ಮ ಅಂಜಿನಮ್ಮ ತೀರಿಕೊಂಡು ನಾಲ್ಕು ವರ್ಷ, ಆದರೆ ಇವಳು ಅಮ್ಮನಲ್ಲ. ಅಮ್ಮ ಮುದ್ದೆಯವಳು, ಜೋಳದ ರೊಟ್ಟಿ ಬಡಿದವಳಲ್ಲ. ಹೋದ ವರ್ಷದಿಂದ ಈ ಹೆಂಗಸು ಬರುತ್ತಿದ್ದಾಳೆ. ಇನ್ನೂ ತಿರುಗಿ ನೋಡಿಲ್ಲ.

ಯಮುನಾ

*

ಸರ್ಜಾಪುರ
27-2-2025

ಯಮುನಮ್ಮ,

ಹನುಮೇಶ. ಹೌದು. ಓದಿ ನರ್ಸರಿಯಲ್ಲೇ ಕೂತು ಅತ್ತೆ.

ಉಳಿದದ್ದೆಲ್ಲ ನೀವೇ ಇಟ್ಟುಕೊಳ್ಳಿ. ಈಜು ಒಂದು ಜೀವ ಉಳಿಸಿತಲ್ಲ, ನನ್ನ ಹತ್ತಿರ ಇದ್ದಿದ್ದರೆ ಮೀನು ಹೆದರಿಸುತ್ತಿತ್ತು ಅಷ್ಟೇ. ಅವಳು ತಿರುಗಿ ನೋಡಲು ಮಾತ್ರ ಬಿಡಬೇಡಿ. ಕೈ ಮುಗಿದು ಕೇಳುತ್ತೇನೆ.

ಈಶಪ್ಪ

*

ಪೀಣ್ಯ
3-3-2025

ಈಶಪ್ಪಣ್ಣ,

ನಿನ್ನೆ ಸಮಿತಿ ಸಭೆಯಲ್ಲಿ ವಿಷಯ ಇಟ್ಟೆ. ನೀವು ಬದುಕಿದ್ದೀರಿ ಎಂದು ಹೇಳಲಿಲ್ಲ. ಈಶಪ್ಪನವರ ಸಾವಿಗೆ ಆಧಾರವಿಲ್ಲ, ಆಧಾರ ಸಿಗುವವರೆಗೆ ಹೆಸರು ಕರೆಯುವುದು ಬೇಡ ಎಂದೆ. ಇಬ್ಬರು ಎದ್ದು ಹೊರಗೆ ಹೋದರು. ಒಬ್ಬರು ನನ್ನನ್ನು ಬಿಲ್ಡರ್ ಪಾರ್ಟಿ ಎಂದರು. ನಾನು ನಿಮಗೆ ಹಚ್ಚಿದ ಮಸಿ ತಿರುಗಿ ನನ್ನ ಮುಖಕ್ಕೇ ಬಂತು. ಆದರೂ ಒಂದು ಓಟಿನಲ್ಲಿ ಪಾಸಾಯಿತು.

ಕೆಂಪು ಪೆನ್ನು, ಸ್ಕೇಲು ತೆಗೆದುಕೊಂಡು ನಾಲ್ಕನೆಯ ಸಾಲಿನ ‘ಈಶಪ್ಪ’ ಎಂಬುದನ್ನು ನಾನೇ ಹೊಡೆದುಹಾಕಿದೆ. ಫೋಟೋ ಇಳಿಸಿ ನನ್ನ ಬೀರುವಿನಲ್ಲಿಟ್ಟಿದ್ದೇನೆ. ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತು ಉಳಿದಿದೆ, ಅದನ್ನು ಮುಚ್ಚಲು ಸುಣ್ಣ ಹೊಡೆಸಬೇಕು.

ತಾಯಿಯ ಮುಖ ಎಂದರೇನು ಎಂದು ನನಗೆ ಗೊತ್ತು. ನನ್ನ ಅಮ್ಮನ ಫೋಟೋ ಮನೆಯಲ್ಲಿ ಇದ್ದರೂ ಮಲಗುವ ಮುಂಚೆ ಕಣ್ಣು ಮುಚ್ಚಿ ಒಂದು ಸಲ ನೆನೆಸಿಕೊಳ್ಳುತ್ತೇನೆ. ಫೋಟೋದವಳು ನಗುವುದಿಲ್ಲ, ಇವಳು ನಗುತ್ತಾಳೆ. ನಿಮ್ಮಿಂದ ಅಂಥದ್ದನ್ನು ಕಿತ್ತುಕೊಂಡು ನಾನು ಯಾವ ಹೋರಾಟ ಮಾಡಲಿ? ನೀವು ನಿಶ್ಚಿಂತೆಯಿಂದ ಇರಿ. ಭಾನುವಾರ ನಿಮ್ಮ ಹೆಸರು ಕರೆಯುವುದಿಲ್ಲ, ನಾನು ಹಾಜರ್ ಎನ್ನುವುದಿಲ್ಲ.

ಯಮುನಾ

*

ಸರ್ಜಾಪುರ
9-3-2025, ಭಾನುವಾರ ಮಧ್ಯಾಹ್ನ

ಯಮುನಮ್ಮ,

ಬೆಳಿಗ್ಗೆ ಹತ್ತರಿಂದ ನರ್ಸರಿಯಲ್ಲಿ ಗುಲಾಬಿ ಕುಂಡಗಳ ನಡುವೆ ಕೂತಿದ್ದೆ. ಅವ್ವನ ಮುಖವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಗಲ್ಲದ ಮೇಲಿನ ಹಚ್ಚೆಯ ಮೂರು ಚುಕ್ಕೆ, ಹರಿದ ಎಡಗಿವಿ, ಎಲ್ಲ ಇತ್ತು. ಹನ್ನೊಂದಾಯಿತು. ಬಾಯಿ ಸುಮ್ಮನಿತ್ತು. ಗೆದ್ದೆ ಅಂದುಕೊಂಡೆ.

ಐದು ನಿಮಿಷ ಕಳೆದಿರಬೇಕು. ಯಾರೋ ಕರೆದ ಹಾಗಾಯಿತು. ನನ್ನ ಬಾಯಿ ತೆರೆದು ‘ಹಾಜರ್’ ಎಂದಿತು. ಆಂಜಿನಪ್ಪ ತಿರುಗಿ ನೋಡಿದ.

ನೀವು ಮಾತು ತಪ್ಪುವವರಲ್ಲ. ಅವ್ವನೂ ಹೋಗಿಲ್ಲ, ಇಲ್ಲೇ ಇದ್ದಾಳೆ, ಈ ಕ್ಷಣವೂ ನೋಡುತ್ತಿದ್ದೇನೆ. ಆದರೆ ಕೇಳಿಸಿದ ಹೆಸರು ನನ್ನದಲ್ಲ, ತಾಯೀ. ಕಿವಿ ಇಲ್ಲದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ‘ಸಂಗಾತಿ ಯಮುನಾ’ ಎಂದು ಕರೆದರು.

ಅಲ್ಲಿ ಏನು ನಡೆಯಿತು? ಹುಷಾರಾಗಿದ್ದೀರಾ? ಕೂಡಲೇ ಬರೆಯಿರಿ. ಇಂದು ಅಂಚೆ ಇಲ್ಲ, ನಾಳೆ ಬೆಳಿಗ್ಗೆ ಮೊದಲು ಇದನ್ನು ಹಾಕುತ್ತೇನೆ.

ಈಶಪ್ಪ

*

ಪೀಣ್ಯ
10-3-2025

ಈಶಪ್ಪಣ್ಣ,

ಎಲ್ಲ ಸುಸೂತ್ರವಾಗಿ ಮುಗಿಯಿತು. ಇಂದು ಬೆಳಿಗ್ಗೆ ಗ್ಯಾಸ್ ಹಚ್ಚಿದೆ, ಆ ಅಡುಗೆಮನೆ ಬರಲಿಲ್ಲ. ಆ ಹೆಂಗಸೂ ಬರಲಿಲ್ಲ. ನಿಮ್ಮ ಅವ್ವ ನಿಮ್ಮ ಹತ್ತಿರವೇ ಇದ್ದಾರೆ ಎಂದು ನಂಬಿದ್ದೇನೆ. ಮೈ ಹಗುರವಾಗಿದೆ, ಕಿರುಬೆರಳಿಗೂ ಸ್ಪರ್ಶ ಬಂದಿದೆ.

ಸಭೆಯಲ್ಲಿ ಒಂದು ತಮಾಷೆ ಆಯಿತು. ಈ ವರ್ಷ ಹಾಜರಿ ಓದಲು ಶಿವರಾಜ್ ಅವರಿಗೆ ಹೇಳಿದ್ದೆವು, ಸಿಎನ್‌ಸಿ ಯಂತ್ರದ ಆಪರೇಟರು. ಬರೆದದ್ದನ್ನು ಬರೆದ ಹಾಗೆ ಓದುವ ಮನುಷ್ಯ. ನಾನು ಎಡಗಡೆ ನಿಮ್ಮ ಹೆಸರು ಹೊಡೆದೆನೇ ಹೊರತು ಬಲಗಡೆಯ ನನ್ನ ಹೆಸರು ಹೊಡೆಯುವುದನ್ನು ಮರೆತಿದ್ದೆ. ನಾಲ್ಕನೆಯ ಸಾಲಿಗೆ ಬಂದ ಶಿವರಾಜ್ ಉಳಿದಿದ್ದ ಹೆಸರನ್ನೇ ಕರೆದರು. ‘ಸಂಗಾತಿ ಯಮುನಾ’ ಎಂದರು ಗಂಭೀರವಾಗಿ. ಹಿಂದಿನ ಸಾಲಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಬದಲು ಹಾಜರ್ ಎನ್ನಲು ಯಾರನ್ನೂ ನೇಮಿಸಿಲ್ಲವಲ್ಲ! ನಾನೇ ಹೇಳೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಐದನೆಯ ಸಾಲಿಗೆ ಹೋಗಿಬಿಟ್ಟರು.

ಇನ್ನು ನೀವು ನಿಶ್ಚಿಂತೆಯಿಂದ ಗಿಡಗಳಿಗೆ ನೀರು ಹಾಕಿ. ಒಂದು ದಿನ ಬಂದು ನೋಡುತ್ತೇನೆ.

ಯಮುನಾ

*

ಪೀಣ್ಯ
21-3-2025

ಈಶಪ್ಪಣ್ಣ,

ಒಂಬತ್ತನೇ ತಾರೀಖಿನ ನಿಮ್ಮ ಕಾಗದ ತಲುಪಿ ಒಂದು ವಾರವಾಯಿತು. ಓದಿ, ಮಡಿಸಿ, ಬೀರುವಿನಲ್ಲಿ ನಿಮ್ಮ ಫೋಟೋದ ಕೆಳಗೆ ಇಟ್ಟೆ. ಉತ್ತರ ಬರೆಯಬಾರದು ಎಂದುಕೊಂಡಿದ್ದೆ.

ನಿನ್ನೆ ಬ್ಯಾಂಕಿನಲ್ಲಿ ಒಂದು ಫಾರಂ ತುಂಬುತ್ತಿದ್ದೆ. ತಾಯಿಯ ಹೆಸರು ಎಂಬಲ್ಲಿ ಪೆನ್ನು ನಿಂತಿತು. ತಮ್ಮ ಮನುವಿಗೆ ಫೋನ್ ಮಾಡಿ ಕೇಳಿದೆ. “ಏನಕ್ಕಾ, ತಮಾಷೆ ಮಾಡ್ತಿದ್ದೀಯಾ?” ಎಂದ. ಅಂಜಿನಮ್ಮ ಎಂದು ಅವನು ಹೇಳಿದ್ದನ್ನು ಬರೆದುಕೊಂಡೆ. ಹಿಂದಿನ ಕಾಗದದಲ್ಲಿ ಈ ಹೆಸರನ್ನು ನಾನೇ ನಿಮಗೆ ಬರೆದಿದ್ದೆನೋ ಏನೋ, ನೆನಪಿಲ್ಲ.

ಮನೆಗೆ ಬಂದು ಗೋಡೆಯ ಫೋಟೋ ನೋಡಿದೆ. ಒಬ್ಬ ಹೆಂಗಸು, ಸೀರೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದಾರೆ. ಒಳ್ಳೆಯವರ ಹಾಗೆ ಕಾಣುತ್ತಾರೆ. ಯಾರೆಂದು ನನಗೆ ಗೊತ್ತಾಗಲಿಲ್ಲ. ಹತ್ತು ದಿನದಿಂದ ಮಲಗುವ ಮುಂಚೆ ಕಣ್ಣು ಮುಚ್ಚಿದರೆ ಬರೀ ಕತ್ತಲೆ, ದಣಿವು ಎಂದುಕೊಂಡಿದ್ದೆ. ನಿನ್ನೆಯೂ ಅಭ್ಯಾಸದಂತೆ ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ.

ನನಗೆ ಬಹಳ ಹೆದರಿಕೆಯಾಗುತ್ತಿದೆ, ಅಣ್ಣ. ಅವರು ನಿಮ್ಮಲ್ಲಿಗೆ ಬಂದಿದ್ದಾರಾ?

ಯಮುನಾ

*

ಸರ್ಜಾಪುರ
25-3-2025

ತಂಗೀ ಯಮುನಾ,

ಬಂದಿದ್ದಾರೆ. ಹತ್ತನೇ ತಾರೀಖು ಬೆಳಿಗ್ಗೆಯಿಂದ ನನ್ನ ಕಣ್ಣ ಮುಂದೆ ಎರಡು ಒಲೆ ಉರಿಯುತ್ತಿವೆ. ಒಂದರ ಮುಂದೆ ನನ್ನ ಅವ್ವ ರೊಟ್ಟಿ ಬಡಿಯುತ್ತಾಳೆ. ಇನ್ನೊಂದರ ಮುಂದೆ ನಿಮ್ಮ ಅಮ್ಮ ಮುದ್ದೆ ತಿರುವುತ್ತಾರೆ. ಅವರು ಬೆನ್ನು ಹಾಕಿ ಕೂರಲಿಲ್ಲ, ಮೊದಲ ದಿನವೇ ನನ್ನ ಕಡೆ ಮುಖ ಮಾಡಿದರು. ನಿಮಗೆ ಹೇಗೆ ಹೇಳುವುದು ಎಂದು ತಿಳಿಯದೆ ಎರಡು ವಾರ ಸುಮ್ಮನಿದ್ದೆ. ತಪ್ಪು ನನ್ನದು. ಹೆಸರು ಹೊಡೆಯಿರಿ ಎಂದು ಕೇಳಿದವನು ನಾನು, ನಿಮ್ಮನ್ನು ನೋಡದೆಯೇ ನಿಮ್ಮ ಹೆಸರಿಗೆ ಹಾಜರ್ ಎಂದವನೂ ನಾನು.

ಬಲ ಹುಬ್ಬಿನ ಮೇಲೆ ಸಣ್ಣದೊಂದು ಸುಟ್ಟ ಕಲೆ ಇದೆ, ಬೆಲ್ಲದ ಪಾಕ ಸಿಡಿದದ್ದು. ನಗುವಾಗ ಮುಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ, ಮುಂದಿನ ಒಂದು ಹಲ್ಲು ಇಲ್ಲ. ಮೂಗುತಿಯ ಬಿಳಿ ಕಲ್ಲು ಬಿದ್ದುಹೋಗಿ ಕುಂದಣ ಮಾತ್ರ ಉಳಿದಿದೆ. ನಿಮ್ಮನ್ನು ಬೈಯುವಾಗಲೂ ‘ಮಗಾ’ ಎಂದೇ ಬೈಯುತ್ತಾರೆ. ಫೋಟೋದಲ್ಲಿ ಇದ್ಯಾವುದೂ ಇರುವುದಿಲ್ಲ ಎಂದು ನೀವೇ ಬರೆದಿದ್ದಿರಿ, ಆದ್ದರಿಂದ ನೆನಪಾದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಬರೆದದ್ದು ಮುಖವಾಗುವುದಿಲ್ಲ, ಅದೂ ನನಗೆ ಗೊತ್ತು.

ಪುಸ್ತಕದಲ್ಲಿ ನಿಮ್ಮ ಹೆಸರನ್ನು ಇವತ್ತೇ ಹೊಡೆಯಿರಿ. ಬೇಗ ಬನ್ನಿ. ದಿವ್ಯಾಳಿಗೆ ನಿಜ ಹೇಳಿದ್ದೇನೆ, ಇನ್ನು ಮನೆಗೇ ಬರಬಹುದು. ತೆಗೆದುಕೊಂಡದ್ದನ್ನು ಹೇಗೆ ಹಿಂತಿರುಗಿಸುವುದೋ ತಿಳಿಯದು. ಎದುರು ಕೂತು ಯತ್ನಿಸೋಣ. ನನಗೆ ಎಪ್ಪತ್ತೊಂದು ವರ್ಷ. ಅವ್ವನ ಮುಖ ನೋಡುತ್ತಾ ನೆಮ್ಮದಿಯಿಂದ ಕಣ್ಣು ಮುಚ್ಚೋಣ ಎಂದುಕೊಂಡಿದ್ದವನು ಈಗ ಬಿಪಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೇನೆ. ನಾನು ಹೋದರೆ ನಿಮ್ಮ ಅಮ್ಮನೂ ಹೋಗುತ್ತಾರೆ.

ಇವತ್ತು ಬೆಳಿಗ್ಗೆ ಅವರು ತಟ್ಟೆ ಇಟ್ಟು ಬಾಗಿಲ ಕಡೆ ನೋಡಿದರು. “ಯಮುನಾ, ಉಂಡ್ಯಾ ಮಗಾ?” ಎಂದು ಕೇಳಿದರು. ಉತ್ತರ ಬರಲಿಲ್ಲ. ಅವರು ಕೈಯಲ್ಲಿ ಸೌಟು ಹಿಡಿದು ಕಾಯುತ್ತಾ ನಿಂತರು, ಮುಖ ಸಣ್ಣದಾಯಿತು. ಅಲ್ಲಿ ನಾನಲ್ಲದೆ ಬೇರೆ ಯಾರೂ ಇರಲಿಲ್ಲ.

“ಉಂಡೆ ಕಣಮ್ಮ” ಎಂದೆ.

ನಿಮ್ಮ ಅಣ್ಣ,
ಈಶಪ್ಪ